ಧೂಪದ ಮರದ ಬುಡ

ಮುದ್ದಪ್ಪ ಧೂಪದ ಮರದ ಬುಡಕ್ಕೆ ಗುದ್ದಲಿ ಎತ್ತಿದ್ದೇ ತಡ, ಮುನಿಗಂಗಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ಬಂದು ಅಡ್ಡ ನಿಂತಳು. ಗುಂಡಿ ತೋಡುವ ಕಡೆಗೆ ಹೆಂಡತಿ ಬರುವುದು ಕೆಂಚಾರ್ಲಹಳ್ಳಿಯಲ್ಲಿ ಯಾರೂ ಕಂಡದ್ದಲ್ಲ. ಗಂಡಸರು ಮುಖ ಮುಖ ನೋಡಿಕೊಂಡರು.

"ಇಲ್ಲಿ ಬ್ಯಾಡ ಮುದ್ದಪ್ಪ. ಬೇರು ಕಡಿದೋಗ್ತವೆ."

"ಅಣ್ಣನೇ ಕೇಳಿದ್ದು ಅತ್ತಿಗೆ. ನನ್ನ ಮರದ ಬುಡದಾಗೇ ಇಡ್ರಪ್ಪ ಅಂತ ನಿನ್ನೆದುರಿಗೇ ಹೇಳಲಿಲ್ವಾ?"

"ಜ್ವರದಾಗೆ ಹೇಳಿದ್ದು. ಇದು ಬೀಜ ಬಿಡ್ಲಿ ಅಂತ ಕಾಯ್ತಿದ್ದೋರೂ ನಿಮ್ಮಣ್ಣನೇ."

"ಅದಿ ಕಾದಮ್ಮಾ, ಹಂಗಲ್ಲ," ಎಂದ ಊರಿನ ಹಿರಿಯ ಪಾಪಯ್ಯ, ಸಮಾಧಾನದ ದನಿಯಲ್ಲಿ. "ಸತ್ತೋನ ಕೊನೇ ಮಾತು ಮೀರಬಾರದು. ಜನ ಏನಂತಾರೆ?"

"ಅನ್ಲಿ ಬಿಡು."

*

ಸತ್ತ ವೆಂಕಟರವಣಪ್ಪ ಹಿಂದೆ ಚಿಂತಾಮಣಿಯವರೊಬ್ಬರ ಲಾರಿ ಓಡಿಸುತ್ತಿದ್ದ. ಘಟ್ಟದ ಕಾಡಿನಿಂದ ಪ್ಲೈವುಡ್ ಕಾರ್ಖಾನೆಗೆ ಧೂಪದ ದಿಮ್ಮಿ ಸಾಗಿಸುವ ಕೆಲಸ. ಐವತ್ಮೂರನೇ ಇಸವಿಯ ಮಳೆಗಾಲದಲ್ಲಿ, ಮೊಳಕೆಯೊಡೆದ ಬೀಜವೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಹೊಲದಲ್ಲಿ ನೆಟ್ಟ.

"ಅಲ್ಲಿ ಕಡಿಯೋರೇ ಎಲ್ಲ, ನೆಡೋರು ಯಾರೂ ಇಲ್ಲ ಕಣೇ. ಇದು ಬೀಜ ಬಿಟ್ರೆ ವಾಪಸ್ ತಗೊಂಡೋಗಿ ಆ ಕಾಡಲ್ಲೇ ಹಾಕ್ತೀನಿ," ಅಂದ.

ಮಳೆಕಾಡಿನ ಗಿಡಕ್ಕೆ ಈ ಬಯಲುಸೀಮೆಯ ಬಿಸಿಲು ಒಗ್ಗೀತೇ? ಬೇಸಿಗೆಗೆ ಎಲೆ ಕರಿಕಾಯಿತು. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನವೇ ಈ ಮಹಾರಾಯ ಹುಳು ಬಿಡುವ ಬಿದಿರಿನ ತಟ್ಟಿ, ಚಂದ್ರಿಕೆಯೊಂದನ್ನು ಹೊತ್ತುಕೊಂಡು ಹೋಗಿ ಗಿಡಕ್ಕೆ ನೆರಳು ಕಟ್ಟಿದ. ಮುನಿಗಂಗಮ್ಮ ಬಾಯಿಗೆ ಬಂದ ಹಾಗೆ ಬೈದಳು. ಮಾರನೆಯ ದಿನ ಚಂದ್ರಿಕೆ ವಾಲಿದ್ದು ಕಂಡು ತಾನೇ ನೆಟ್ಟಗೆ ಮಾಡಿ, ಒಂದು ಬಿಂದಿಗೆ ನೀರೂ ಹೊಯ್ದಳು. ಅವನು ಲಾರಿ ಹತ್ತಿದಾಗಲೆಲ್ಲ ನೀರಿನ ಕೆಲಸ ಅವಳದೇ ಆಯಿತು. ಮರದ ಮೇಲೆ ಅವನಿಗಿಂತ ಅವಳಿಗೇ ಮಮತೆ ಹೆಚ್ಚೆಂದು ಊರು ಆಡಿಕೊಂಡಿತು. ಅದು ಸುಳ್ಳೇನಲ್ಲ.

*

"ಇನ್ನೂ ಒಂದು ಹೂ ಬಿಟ್ಟಿಲ್ಲ," ಎಂದಳು ಮುನಿಗಂಗಮ್ಮ. "ಈಗ ಬೇರು ಕಡಿದ್ರೆ ಮರ ಒಣಗ್ತದೆ, ನಿಮ್ಮಣ್ಣ ಇನ್ನೊಂದ್ಸಲ ಸತ್ತಂಗೆ. ಅವರು ಕೇಳಿದ್ದು ಕೊಡೋಕಾಗ್ದೆ ನಂಗೇನು ಹೊಟ್ಟೆ ಉರೀತಿಲ್ವಾ?" ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು.

ಮುದ್ದಪ್ಪ ಗುದ್ದಲಿ ಹೆಗಲಿಗೇರಿಸಿದ. ಸಿಟ್ಟಿನಲ್ಲೇ ದೂರದ ಬಾವಿಯ ಕಡೆ ನಡೆದು, ಬದುವಿನ ಪಕ್ಕ ಅಗೆಯತೊಡಗಿದ.

ಸೊಂಟದಾಳಕ್ಕೆ ಇಳಿದಾಗ ಗುದ್ದಲಿಗೆ ಹೆಬ್ಬೆರಳು ದಪ್ಪದ ಬೇರು ತಾಗಿತು. ಸಿಪ್ಪೆ ಕಿತ್ತ ಕಡೆ ಅಂಟು ಒಸರಿ ಧೂಪದ ವಾಸನೆ ಬಂತು. ಅವನು ತಲೆಯೆತ್ತಿ ಮರವನ್ನು ನೋಡಿದ, ಅತ್ತಿಗೆಯನ್ನು ನೋಡಿದ.

"ಇಲ್ಲೀಗಂಟ ಬಂದೈತೆ ಕಣಮ್ಮ," ಎಂದ.

ಕಡಿದುಹಾಕಲು ಪಾಪಯ್ಯ ಕುಡುಗೋಲು ಚಾಚಿದ. ಮುದ್ದಪ್ಪ ಅದನ್ನು ಮುಟ್ಟಲಿಲ್ಲ. ಗುದ್ದಲಿಯನ್ನೂ ಮೇಲಕ್ಕೆಸೆದು, ಮಂಡಿಯೂರಿ, ಬೇರಿನ ಸುತ್ತಲಿನ ಮಣ್ಣನ್ನು ಬೆರಳಲ್ಲೇ ಕೆದಕಿ ತೆಗೆದ. ಹೆಣ ಇಳಿಸುವಾಗ ಬೇರನ್ನು ಅಂಗೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದಿದ್ದ. ಆಮೇಲೆ ಅದನ್ನು ಅಣ್ಣನ ಎದೆಯ ಮೇಲೆ ಇಳಿಬಿಟ್ಟು, ಮೊದಲ ಹಿಡಿ ಮಣ್ಣನ್ನು ಬೇರಿಗೆ ಮುಚ್ಚಿದ.