ಮಂಗಳ ಬಂತು

“ಮಂಗಳಗ್ರಹದಾಗ ಯಾವ ರಾಗ ನಡೀತೈತಿ?”

ಸಿದ್ದರಾಯ ಇದನ್ನು ಯಾರಿಗೂ ಕೇಳಿದ್ದಲ್ಲ. ಗುಡಿಯ ಕಟ್ಟೆಯ ಮೇಲೆ ತನ್ನ ಹಾರ್ಮೋನಿಯಂ ಪೇಟಿ ಬಿಚ್ಚಿಟ್ಟುಕೊಂಡು, ಅದರ ಸ್ವರದ ಮನೆಗಳ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸುತ್ತ, ಎದುರಿನ ಬೇವಿನ ಗಿಡದ ಕಡೆ ಮುಖ ಮಾಡಿ ಕೇಳಿದ. ಪಕ್ಕದಲ್ಲಿ ನಾನು ತಾಳ ಹಿಡಿದು ಕೂತಿದ್ದೆ. ನನಗೂ ಗೊತ್ತಿರಲಿಲ್ಲ. ನನ್ನ ತಂದೆ ಶ್ರಾವಣದಲ್ಲಿ ಪುರಾಣ ಓದುತ್ತಿದ್ದರು. ಷಟ್ಪದಿಯ ಲಯಕ್ಕೆ ತಲೆದೂಗುತ್ತಲೇ ಬೆಳೆದವನು ನಾನು. ಅದರಲ್ಲಿ ಸ್ವರ್ಗದ ಸಭೆ ಬರುತ್ತದೆ, ಪಾತಾಳದ ಅರಮನೆ ಬರುತ್ತದೆ. ಮಂಗಳಗ್ರಹದಲ್ಲಿ ಯಾವ ರಾಗ ಎಂದು ಯಾವ ಸಂಧಿಯಲ್ಲೂ ಬಂದಿರಲಿಲ್ಲ.

ಮನುಷ್ಯ ಮೊದಲ ಸಲ ಆಕಾಶ ಸುತ್ತಿ ಇಳಿದ ಮರುವರ್ಷದ ಮಾತು ಇದು. ಆಗ ನಮ್ಮ ತಿಕೋಟಾದ ಭಜನಾ ಮೇಳದಲ್ಲಿ ಮೂರು ಮಂದಿ. ಪೇಟಿಗೆ ಸಿದ್ದರಾಯ, ತಬಲಕ್ಕೆ ರಾಯಪ್ಪ, ತಾಳಕ್ಕೆ ನಾನು ಅಮೋಘಿ. ಸೋಮವಾರಕ್ಕೊಮ್ಮೆ ದೀಪ ಹಚ್ಚುವ ಹೊತ್ತಿಗೆ ಭಜನೆ. ಸಿದ್ದರಾಯನ ಗುರುಗಳು ಅವನಿಗೆ ಕಲಿಸಿದ ಪದಗಳಿಗೆಲ್ಲ ಐದೈದು ನುಡಿ. ಊರು ಕೇಳಿದ್ದು ಎರಡೇ ನುಡಿ. ಯಾಕೆಂದರೆ ಸಿದ್ದರಾಯನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಎರಡನೆಯ ನುಡಿ ಮುಗಿಯುತ್ತಿದ್ದಂತೆ ಕಂಬಕ್ಕೆ ಬೆನ್ನು ಕೊಟ್ಟು ಕೂತ ರಾಚವ್ವ ಸೆರಗು ಸರಿಮಾಡಿಕೊಂಡು, ಎಮ್ಮೆ ಒದರುತ್ತಿದೆ, ಮಂಗಳ ಹಾಡಪಾ ಎನ್ನುತ್ತಿದ್ದಳು. ರಾಚವ್ವನ ಎಮ್ಮೆ ಪ್ರತಿ ಸೋಮವಾರ ಎರಡನೆಯ ನುಡಿಗೇ ಒದರುತ್ತಿತ್ತು. ಮಂಗಳ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸಿದ್ದರಾಯನ ಬೆರಳುಗಳು ತಾವಾಗಿಯೇ ಆರತಿಯ ಧಾಟಿಗೆ ಹೊರಳುತ್ತಿದ್ದವು. ಜನ ಎದ್ದು ಕೈಮುಗಿದು, ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಂಡು, ಕತ್ತಲಲ್ಲಿ ಚಪ್ಪಲಿ ಹುಡುಕುತ್ತ ಮನೆಗೆ ಹೋಗುತ್ತಿದ್ದರು.

ಒಮ್ಮೆ ಸಿದ್ದರಾಯ ನನ್ನ ಮುಂದೆ ಹೇಳಿದ್ದ: “ಅಮೋಘಿ, ಸಾಯೂದ್ರೊಳಗ ಒಮ್ಮಿ ಐದನೇ ನುಡಿ ಬಾರಸಬೇಕಪಾ. ಕೂತ ಮಂದಿಗೆ. ಎದ್ದು ನಿಂತ ಮಂದಿಗಲ್ಲ.”

ಆ ಚಳಿಗಾಲ ವಿಜಾಪುರದ ಸೈಫುದ್ದೀನ ತನ್ನ ತಂಬು ಸಿನೆಮಾ ತಂದು ಘೋಣಸಗಿ ದಾರಿಯ ಜೋಳದ ಕೂಳೆ ಹೊಲದಲ್ಲಿ ಹೂಡಿದ. ಜೊತೆಗೆ ಒಂದು ರಾಕೆಟ್ಟಿನ ಸಿನೆಮಾ ತಂದಿದ್ದ. ಇಬ್ಬರು ಗಂಡಸರು, ಒಬ್ಬ ಹೆಣ್ಣುಮಗಳು ರಾಕೆಟ್ಟು ಹತ್ತಿ ಮಂಗಳಗ್ರಹಕ್ಕೆ ಹೋಗುವ ಕತೆ. ರಾಕೆಟ್ಟು ಭೂಮಿ ಬಿಡುವತನಕ ಎಲ್ಲ ಸರಿಯಿತ್ತು. ಬಿಟ್ಟ ಮೇಲಿನ ರೀಲುಗಳು ಊರೂರು ತಿರುಗಿ, ಅಂಚಿನಲ್ಲಿದ್ದ ದನಿಯ ಪಟ್ಟಿ ಸವೆದು, ಶೇಂಗಾ ಸಿಪ್ಪೆ ತುಳಿದಂತೆ ಚರಚರ ಎನ್ನುತ್ತಿದ್ದವು. ಸೈಫುದ್ದೀನ ನೇರವಾಗಿ ಗುಡಿಗೆ ಬಂದ. ನಮ್ಮ ಮೇಳ ತೆರೆಯ ಕೆಳಗೆ ಕೂತು ಬಾರಿಸಿದರೆ ಸಾಕು ಎಂದ.

“ಮಾತಿನ ಚಿಂತಿ ಬ್ಯಾಡ್ರಿ. ಅಲ್ಲಿ ಹ್ವಾದಮ್ಯಾಲ ಎಲ್ಲಾರೂ ತಲಿಗೆ ಗಾಜಿನ ಕೊಡ ಹಾಕ್ಕೊಂಡ ಅಡ್ಡಾಡತಾರ. ಮಾತ ಕಡಿಮಿ, ಬಾಜಾ ಜಾಸ್ತಿ.”

ಸಿದ್ದರಾಯ ಇಲ್ಲ ಎನ್ನಲಿಲ್ಲ. ಬೇವಿನ ಗಿಡಕ್ಕೆ ಆ ಪ್ರಶ್ನೆ ಕೇಳಿದ್ದು ಅಂದು ಸಂಜೆಯೇ.

ಕತೆ ತಿಳಿಸಲು ಬಬಲೇಶ್ವರದಿಂದ ಗುರಣ್ಣನನ್ನು ಕರೆಸಿದರು. ಈ ಸಿನೆಮಾವನ್ನು ವಿಜಾಪುರದಲ್ಲಿ ಏಳು ಸಲ ನೋಡಿದ ಮನುಷ್ಯ. ಏಳನೆಯ ಸಲಕ್ಕೆ ಹೆಂಡತಿಗೆ ದವಾಖಾನೆಗೆ ಹೋಗಿಬರುತ್ತೇನೆಂದು ಹೇಳಿ ಹೋಗಿದ್ದನಂತೆ. ಮೂರು ದಿನ ಕಟ್ಟೆಯ ಮೇಲೆ ನಿಂತು ಅವನೇ ರಾಕೆಟ್ಟಾದ, ಅವನೇ ರಾಕ್ಷಸನಾದ. ಮೂಲದ ಸಂಗೀತ ಹೇಗಿತ್ತೆಂದು ಮೂಗು ಹಿಡಿದುಕೊಂಡು ಊದಿ ತೋರಿಸಿದ. ತಗಡನ್ನು ಗರಗಸದಿಂದ ಕೊಯ್ದಂಥ ಸದ್ದು. ಹಾದಿಯ ನಾಯಿಗಳು ಬಂದು ಸುತ್ತ ಕೂತವು. ಹಾಗೆಯೇ ಬಾರಿಸಬೇಕು, ಒಂದು ಎಳೆ ಬದಲಾಗಬಾರದು ಎಂದು ಅವನ ಹಟ. ಸಿದ್ದರಾಯ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

“ಆ ಹೆಣ್ಣಮಗಳು ಮೊದಲನೇ ರೀಲಿನಾಗ ಕೂಸಿನ್ನ ಅದರ ಮುದಕಿ ಆಯಿ ಕೈಯಾಗ ಕೊಟ್ಟು ಹೋಗತಾಳಂದ್ರಿ. ತಿರಗಿ ಬರತಾಳಿಲ್ಲರಿ?”

“ಬರತಾಳ. ಕಡೀ ರೀಲಿನಾಗ. ಕೂಸು ಓಡಿ ಬಂದ ಕೊಳ್ಳಿಗೆ ಬೀಳತೈತಿ.”

ಸಿದ್ದರಾಯ ನನ್ನ ಕಡೆ ನೋಡಿದ. ಐದನೆಯ ನುಡಿಗೆ ಆ ಕಡೆಯ ರೀಲಿನಲ್ಲಿ ಜಾಗ ಸಿಕ್ಕಿತೆಂದು ನನಗೆ ತಿಳಿಯಿತು.

ನಾವು ಜನಕ್ಕೆ ಎದುರಾಗಿ ಕೂತರೆ ತೆರೆ ನಮ್ಮ ಬೆನ್ನಿಗಾಗುತ್ತದೆ, ಚಿತ್ರ ಕಾಣುವುದಿಲ್ಲ. ಅದಕ್ಕೇ ಸೈಫುದ್ದೀನ ಮಷೀನಿನ ಗೂಡಿನಿಂದ ಕೂಗಿ ಹೇಳುವುದೆಂದು ಆಯಿತು. ಬೆಂಕಿ ಉಗುಳಿದಾಗ ಬೆಂಕಿ, ಚುಕ್ಕಿ ಬಂದಾಗ ಚುಕ್ಕಿ, ರಾಕೆಟ್ಟು ಅಲ್ಲಿಗೆ ಮುಟ್ಟಿದಾಗ ಮಂಗಳ. ಈ ಏರ್ಪಾಟಿನಲ್ಲಿ ಏನು ಅಡಗಿದೆ ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಮೊದಲ ದಿನ ತಂಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣ್ಣುಮಕ್ಕಳ ಕಡೆ ಎಲ್ಲರಿಗಿಂತ ಮುಂದೆ ರಾಚವ್ವ. ಬೆಂಕಿ ಎಂದು ಕೂಗು ಬಂತು. ರಾಯಪ್ಪ ತಬಲದ ಡಗ್ಗಾದ ಮೇಲೆ ಅಂಗೈ ಒತ್ತಿ ಗುಡುಗಿಸಿದ. ಚುಕ್ಕಿ ಎಂದಾಗ ಸಿದ್ದರಾಯ ಬೀಸುಕಲ್ಲಿನ ಪದದ ಧಾಟಿ ಹಿಡಿದ. ನಾನು ಎದುರಿಗೆ ನೋಡಿದೆ. ಹೆಣ್ಣುಮಕ್ಕಳ ಕಡೆ ನಾಲ್ಕಾರು ಕೈಗಳು ಕತ್ತಲಲ್ಲಿ ಬೀಸುವ ಗೂಟ ಹಿಡಿದಂತೆ ಸುಮ್ಮನೆ ತಿರುಗುತ್ತಿದ್ದವು. ನಮ್ಮ ಸಂಗೀತವನ್ನು ತಿಕೋಟಾ ಅಷ್ಟು ಹೊತ್ತು ಕೂತು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಗೂಡಿನಿಂದ ಸೈಫುದ್ದೀನ ಕೂಗಿದ: “ಮಂಗಳ ಬಂತು!”

ಸಿದ್ದರಾಯ ಇಳಿಯುವ ರಾಕೆಟ್ಟಿಗೆಂದು ಮೂರು ದಿನ ಕೂತು ಹೊಂದಿಸಿದ ಧಾಟಿ ಬೇರೆಯೇ ಇತ್ತು. ಆದರೆ ಬೆರಳುಗಳಿಗೆ ಆ ಮಾತು ಮೂವತ್ತು ವರ್ಷದಿಂದ ಗೊತ್ತು. ಪೇಟಿ ಆರತಿಯ ಧಾಟಿ ಎತ್ತಿತು. ಅದನ್ನು ಕೇಳಿ ನನ್ನ ತಾಳವೂ ಅದಕ್ಕೇ ಬಿತ್ತು. ರಾಚವ್ವ ಎದ್ದಳು. ಅವಳ ಹಿಂದೆ ತಂಬೇ ಎದ್ದಿತು. ಎಲ್ಲರೂ ಕೈಮುಗಿದು ತೆರೆಗೆ ನಮಸ್ಕಾರ ಮಾಡಿ, ಗಲ್ಲ ಬಡಿದುಕೊಂಡು, ಚಪ್ಪಲಿ ಮೆಟ್ಟಿ ಹೊರಬಿದ್ದರು. ಕೆಲವರು ಹೋಗುವಾಗ ಸೈಫುದ್ದೀನನ ಮುಂದೆ ಪ್ರಸಾದಕ್ಕೆಂದು ಕೈ ಚಾಚಿದರಂತೆ. ಅವನು ದಿಕ್ಕು ತೋಚದೆ ಜೇಬಿನಲ್ಲಿದ್ದ ಪುಟಾಣಿ ಕಡಲೆ ಹಂಚಿದ.

ಒಳಗೆ ಉಳಿದವನು ಗುರಣ್ಣ ಒಬ್ಬ. ಇನ್ನೂ ಎರಡು ರೀಲು ಬಾಕಿ ಇದ್ದವು.

ಮರುದಿನ ಗಿರಣಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಇದೇ ಮಾತು. ಘೋಣಸಗಿಯ ಒಬ್ಬ ಮುದುಕ, ರಾಯಪ್ಪನ ಡಗ್ಗಾ ಕೇಳುವಾಗ ತುಂಬಿದ ಚಕ್ಕಡಿ ದಿಬ್ಬ ಏರಿದಂತಾಗಿ ತಾನೂ ಎತ್ತುಗಳಿಗೆ ಹೋ ಎಂದೆನೆಂದು ಹೇಳಿದ. ಬೀಸುವ ಪದ ಕೇಳಿ ಬಂದ ಹೆಣ್ಣುಮಕ್ಕಳು, ಆಕಾಶದಲ್ಲೂ ಈ ಕೆಲಸ ತಪ್ಪಿಲ್ಲ ನೋಡು ಎಂದು ನಕ್ಕರು. ಗುರಣ್ಣ ಗಿರಣಿಯ ಬಾಗಿಲಲ್ಲಿ ನಿಂತು, ಏಳು ಸಲ ನೋಡಿದವನು ಹೇಳುತ್ತಿದ್ದೇನೆ, ನೀವು ನೋಡಿದ್ದು ಅರ್ಧ ಕತೆ, ಕೇಳಿದ್ದಂತೂ ಸಿನೆಮಾದ ಸಂಗೀತವೇ ಅಲ್ಲ, ಮೂಲದ ಸಂಗೀತ ಕೇಳಿದರೆ ಎದೆ ಝಲ್ ಎನ್ನುತ್ತದೆ ಎಂದು ಕೂಗಾಡಿದ.

ರಾಚವ್ವ ಹಿಟ್ಟಿನ ಬುಟ್ಟಿ ಕೆಳಗಿಟ್ಟಳು. “ಏಳು ಸಲ ನೋಡೀದಿ. ಒಮ್ಮೆರ ಕೈ ಮುಗದೀಯೇನಪಾ?”

ಗುರಣ್ಣ ಮಾತು ಬದಲಿಸಿದ. ಹೋದವರು ತಿರುಗಿ ಬರುವುದು ಬೇಡವೇ ಎಂದು ಕೇಳಿದ.

“ಮಂಗಳ ಮುಟ್ಟಿದಮ್ಯಾಲ ಯಾಕ ತಿರಗಿ ಬರತಾರ? ಇಲ್ಲೇನೈತಿ, ನಿನ್ನ ಮಾರಿ?”

ಎರಡನೆಯ ದಿನ ಜನ ತೆಂಗಿನಕಾಯಿ ತಂದರು. ಮೂರನೆಯ ದಿನ ಕರ್ಪೂರ ತಂದರು. ರೀಲಿಗೆ ಕಿಡಿ ತಾಗಿದರೆ ತಂಬೇ ಮಂಗಳಕ್ಕೆ ಹೋಗುತ್ತದೆ, ಒಳಗೆ ಹಚ್ಚಬೇಡಿರವ್ವಾ ಎಂದು ಸೈಫುದ್ದೀನ ಒಬ್ಬೊಬ್ಬರಿಗೂ ಕೈಮುಗಿದ. ಕಾಯಿ ಒಡೆಯಲು ಹೊರಗೆ ಒಂದು ಕಲ್ಲು ಹಾಕಿಸಿದ. ಮಂಗಳ ಬಂತು ಎಂದು ಈಗ ಅವನು ಕೂಗಬೇಕಾಗಿಯೇ ಇರಲಿಲ್ಲ, ಜನವೇ ಕೂಗುತ್ತಿದ್ದರು. ಸಿದ್ದರಾಯ ಬಾರಿಸುತ್ತಿದ್ದ. ಜನ ಎದ್ದು ಹೋಗುತ್ತಿದ್ದರು. ಕಡೆಯ ಎರಡು ರೀಲನ್ನು ಸೈಫುದ್ದೀನ ಡಬ್ಬಿಯಿಂದ ತೆಗೆಯುವುದನ್ನೇ ಬಿಟ್ಟ.

ಎಲ್ಲರೂ ಖುಷಿಯಾಗಿದ್ದರು. ಸಿದ್ದರಾಯ ಮಾತ್ರ ದಿನದಿನಕ್ಕೆ ಮಂಕಾದ. ಒಂದು ಮಧ್ಯಾಹ್ನ ಅವನ ಮನೆಗೆ ಹೋದೆ. ಎದುರಿಗೆ ರೊಟ್ಟಿಯ ತಾಟು ಹಾಗೇ ಇತ್ತು. ಉಣ್ಣದೆ ಕೂತಿದ್ದ.

“ಅವರು ಇನ್ನೂ ಅಲ್ಲೇ ಅದಾರಲ್ಲೋ, ಅಮೋಘಿ” ಎಂದ.

ಯಾರು ಎಂದು ಕೇಳಿದೆ.

“ಆ ಮೂರು ಮಂದಿ. ಒಂಬತ್ತು ದಿನಾ ಆತು. ಕೂಸು ಇಲ್ಲಿ, ಅವ್ವ ಅಲ್ಲಿ. ನಾನ ಮಂಗಳ ಹಾಡಿ ಬಾಗಲಾ ಹಾಕ್ಕೊಂಡ ಬಂದೇನಿ.”

ಅದು ಸಿನೆಮಾ, ಆ ಹೆಣ್ಣುಮಗಳು ಎಂದೋ ಮನೆ ಸೇರಿ ಅಡಿಗೆ ಮಾಡಿ ಉಂಡಿರಬೇಕು ಎಂದು ನಾನು ಹೇಳಬಹುದಿತ್ತು. ಆದರೆ ವನವಾಸದ ಸಂಧಿ ಓದಿ ಪುಸ್ತಕ ಮುಚ್ಚಿದ ರಾತ್ರಿ ನಮ್ಮ ತಂದೆಯೂ ಹೀಗೇ ಉಣ್ಣದೆ ಮಲಗುತ್ತಿದ್ದರು.

ತಂಬು ಬಬಲೇಶ್ವರಕ್ಕೆ ಹೋಯಿತು, ನಾವೂ ಹೋದೆವು. ಅದು ಗುರಣ್ಣನ ಊರು. ಸಿನೆಮಾ ಪೂರ್ತಿ ತೋರಿಸದಿದ್ದರೆ ತಂಬಿನ ಹಗ್ಗ ಬಿಚ್ಚುತ್ತೇವೆಂದು ಅವನ ಗೆಳೆಯರು ಮೊದಲೇ ಹೇಳಿ ಕಳಿಸಿದ್ದರು. ಈ ಸಲ ಸೈಫುದ್ದೀನ ಗೂಡಿನಿಂದ ಆ ಮಾತು ಕೂಗುವುದಿಲ್ಲ, ಅದರ ಬದಲು ಇಳೀತು ಎನ್ನುತ್ತಾನೆ ಎಂದು ಗೊತ್ತುಮಾಡಿಕೊಂಡೆವು. ಸಿದ್ದರಾಯ ಆ ದಿನ ಮುಂಜಾನೆಯಿಂದ ಐದನೆಯ ನುಡಿಯನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ನಾನು ಅವನ ಜೊತೆ ತಾಳ ಬಾರಿಸಲು ಶುರುಮಾಡಿ ಹದಿನೈದು ವರ್ಷವಾಗಿತ್ತು. ಆ ನುಡಿಯ ಕೊನೆಯ ಸಾಲು ನನಗೇ ಬರುತ್ತಿರಲಿಲ್ಲ.

ಆಟಕ್ಕೆ ಇನ್ನೂ ಹೊತ್ತಿದ್ದಾಗ ದಾರಿಯಲ್ಲಿ ಎತ್ತುಗಳ ಗಂಟೆ ಕೇಳಿಸಿತು. ತಿಕೋಟಾದ ನಾಲ್ಕು ಚಕ್ಕಡಿ. ಮುಂದಿನದರಲ್ಲಿ ರಾಚವ್ವ, ತೊಡೆಯ ಮೇಲೆ ಆರತಿಯ ತಾಟು. ಮುಂಜಾನೆ ಹೊರಟು ಬುತ್ತಿ ಉಂಡು ಬಂದಿದ್ದರು. ಎಮ್ಮೆ ಯಾರು ಹಿಂಡುತ್ತಾರೆ ಎಂದು ರಾಯಪ್ಪ ಕೇಳಿದ್ದಕ್ಕೆ, ಒಂದು ದಿನ ಒದರಲಿ ಬಿಡು ಎಂದಳು.

ಸಿನೆಮಾ ಶುರುವಾಯಿತು. ಬೆಂಕಿ ಬಂತು, ಚುಕ್ಕಿ ಬಂತು. ಮೂಗು ಹಿಡಿದು ಊದಲು ಸಿದ್ಧರಾಗಿ ಬಂದಿದ್ದ ಗುರಣ್ಣನ ಗೆಳೆಯರು ಬೀಸುವ ಪದಕ್ಕೆ ತಣ್ಣಗಾದರು. ಗುರಣ್ಣ ಮಾತ್ರ ಕೈಕಟ್ಟಿಕೊಂಡು ಬಿಗಿಯಾಗಿ ಕೂತಿದ್ದ, ಆದರೂ ಅವನ ಕಾಲಿನ ಹೆಬ್ಬೆರಳು ರಾಯಪ್ಪನ ತಬಲದ ಜೊತೆ ಆಡುತ್ತಿತ್ತು.

ಗೂಡಿನಿಂದ ಸೈಫುದ್ದೀನ ಮೆತ್ತಗೆ, ಇಳೀತು ಎಂದ. ಅದು ಮುಗಿಯುವ ಮೊದಲೇ ನಾಲ್ಕು ಚಕ್ಕಡಿಯ ಮಂದಿ ಒಂದೇ ದನಿಯಲ್ಲಿ, ಮಂಗಳ ಬಂತು ಎಂದು ಕೂಗಿದರು.

ಸಿದ್ದರಾಯನ ಬೆರಳು ಆರತಿಯ ಮೊದಲ ಸ್ವರಕ್ಕೆ ಇಳಿಯುವುದನ್ನು ನಾನು ಕಂಡೆ. ಅವನು ಎಡಗೈಯಿಂದ ಪೇಟಿಯ ತಿದಿ ಮುಚ್ಚಿಬಿಟ್ಟ. ಸ್ವರ ಹುಟ್ಟಲಿಲ್ಲ. ತಂಬಿನಲ್ಲಿ ಮಷೀನಿನ ಟಕಟಕ ಒಂದೇ ಉಳಿಯಿತು. ತಿಕೋಟಾದವರು ಅಷ್ಟರಲ್ಲೇ ಎದ್ದು ಕೈಮುಗಿದು ನಿಂತಿದ್ದರು, ಅವರನ್ನು ನೋಡಿ ಬಬಲೇಶ್ವರದವರೂ ಅರ್ಧ ಎದ್ದಿದ್ದರು. ರಾಚವ್ವ ತಾಟು ಹಿಡಿದು ತೆರೆಯ ಹತ್ತಿರ ಬಂದಳು. ರಾಕೆಟ್ಟಿನ ನೆರಳು ಅವಳ ಸೆರಗಿನ ಮೇಲೆ ಬಿದ್ದಿತ್ತು.

“ಯಾಕೋ ಯಪ್ಪಾ, ಕೈ ನೋಯಾಕತ್ತೈತೇನು? ಮಂಗಳ ಬಂತಲ್ಲ. ಹಾಡು. ಎಲ್ಲಾರೂ ನಿಂತಾರ ನೋಡು.”

ಸಿದ್ದರಾಯ ಒಮ್ಮೆ ಹಿಂದಿರುಗಿ ತೆರೆಯನ್ನು ನೋಡಿದ. ಗಾಜಿನ ಕೊಡದೊಳಗೆ ಆ ಹೆಣ್ಣುಮಗಳ ಮುಖ ಅಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆಮೇಲೆ ರಾಚವ್ವನ ಕಡೆ ತಿರುಗಿದ.

“ಹಾಡೂದಿಲ್ಲ ಬೇ. ಹ್ವಾದವರು ಇನ್ನೂ ಮನಿ ಮುಟ್ಟಿಲ್ಲ. ಕೂಡ್ರು.”