ಹಾಜರಿ ಉಂಟು, ಕೆಲಸ ಇಲ್ಲ

ಗುರುಕಿರಣನ ಕುತ್ತಿಗೆಯಲ್ಲಿ ಮತ್ತೆ ಕುರು ಎದ್ದಿತು. ಮೂರು ವರ್ಷದ ಮಗು. ಈ ವರ್ಷ ಇದು ನಾಲ್ಕನೆಯದು. ಕೊಚ್ಚಿಯ ಮಟ್ಟಾಂಚೇರಿಯ ಬಾಡಿಗೆ ಮನೆಯಲ್ಲಿ ಪರಮೇಶ್ವರಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಅಮ್ಮೇ, ವೇದನಿಕ್ಕುನ್ನು," ನೋಯುತ್ತದಮ್ಮ ಎಂದು ಮಗು ಮಲಯಾಳದಲ್ಲೇ ಅತ್ತಿತು. ಅವನ ಅಣ್ಣ ರಂಜನ್ ಕೂಡ ಹೀಗೇ ಅಳುತ್ತಿದ್ದ. 2005ರಲ್ಲಿ, ಶ್ವಾಸಕೋಶದಲ್ಲಿ ಕೀವು ತುಂಬಿ ತೀರಿಕೊಂಡ. ಅದಾಗಿ ಎರಡು ವರ್ಷವಾಗಿತ್ತು.

"ಹೆದರ್ಬೇಡ," ಎಂದ ಗಂಡ ಶಂಭು. ಕಾಸರಗೋಡಿನವನು, ಕೊಚ್ಚಿಯ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಕಾಗದದಲ್ಲಿ ಸರಿಯಿದ್ದದ್ದೆಲ್ಲ ಲೋಕದಲ್ಲೂ ಸರಿ ಎಂದು ನಂಬಿದ ಪುಣ್ಯಾತ್ಮ. "ರಿಪೋರ್ಟ್ ಬಂತು. ಬಿಳಿ ರಕ್ತಕಣ ಬೇಕಾದಷ್ಟು ಉಂಟು. ನಾರ್ಮಲ್."

ಪರಮೇಶ್ವರಿ ಸಿಡಿದಳು. "ರಂಜನ್‌ನದ್ದೂ ನಾರ್ಮಲ್ಲೇ ಇತ್ತಲ್ಲ!"

ಕುರುವಿಗೆ ಮದ್ದು ಹಾಕಲು ಬಂದಿದ್ದ ನರ್ಸ್ ಜುಬೈದಾ ತಲೆಯೆತ್ತಿದಳು. ಅವಳೂ ಕಾಸರಗೋಡಿನವಳೇ. "ಸಾರ್, ನಿಮ್ಮ ಆಫೀಸಲ್ಲಿ ಎಲ್ರೂ ಹಾಜರಿ ಪುಸ್ತಕಕ್ಕೆ ಸೈನ್ ಹಾಕ್ತಾರಲ್ಲ, ಎಲ್ರೂ ಕೆಲ್ಸ ಮಾಡ್ತಾರಾ?"

ಶಂಭು ಮುಖ ಗಂಟಿಕ್ಕಿದ. "ಅದು ಬೇರೆ."

"ಬೇರೆ ಎಂತದೂ ಅಲ್ಲ. ಬಿಳಿ ಕಣ ರೋಗಾಣುವನ್ನು ನುಂಗ್ತದೆ. ನುಂಗಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಕಣದ ಒಳಗೆ ಕೆಲವು ಪ್ರೋಟೀನುಗಳು ಒಟ್ಟು ಸೇರಿ ವಿಷ ಮಾಡಿ ಕೊಲ್ಲಬೇಕು. ಹುಟ್ಟಿನಿಂದಲೇ ಅವುಗಳಲ್ಲಿ ಒಂದು ಇಲ್ಲದಿದ್ರೆ, ರೋಗಾಣು ಒಳಗೇ ಆರಾಮ ಕೂತುಕೊಳ್ತದೆ. ನಿಮ್ಮ ರಿಪೋರ್ಟಲ್ಲಿ ತಲೆ ಎಣಿಸಿದ್ದು ಮಾತ್ರ ಉಂಟು."

"ಪ್ರೋಟೀನಾ? ಎಡಪ್ಪಳ್ಳಿಯ ಅಂಗಡಿಯಿಂದ ಒಂದು ಡಬ್ಬ ಪುಡಿ ತರ್ತೇನೆ," ಎಂದ ಶಂಭು.

"ತಿಂದು ಬರುವ ಪ್ರೋಟೀನ್ ಅಲ್ಲ ಇದು, ಕಣವೇ ಮಾಡಿಕೊಳ್ಳುವಂಥದ್ದು. ತಿರುವನಂತಪುರದ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಉಂಟು. ರಕ್ತಕ್ಕೆ ಹಳದಿ ಬಣ್ಣ ಸೇರಿಸ್ತಾರೆ. ಕೆಲ್ಸ ಮಾಡುವ ಕಣ ನೀಲಿ ಆಗ್ತದೆ. ರಕ್ತ ತಾಜಾ ಬೇಕು, ಮಗುವನ್ನೇ ಕರ್ಕೊಂಡು ಹೋಗಿ."

"ಈಗ ರಜೆ ಇಲ್ಲ. ಮುಂದಿನ ತಿಂಗಳು ನೋಡುವ."

"ರಂಜನ್ ಇದ್ದಾಗಲೂ ಇದನ್ನೇ ಹೇಳಿದ್ರಿ," ಎಂದಳು ಪರಮೇಶ್ವರಿ.

ಶಂಭು ರಜೆ ಅರ್ಜಿ ಬರೆದ. ಮರುದಿನ ಬೆಳಿಗ್ಗೆ ಮೂವರೂ ರೈಲು ಹತ್ತಿದರು.

ಕಣಗಳು ನೀಲಿಯಾಗಲಿಲ್ಲ. ಒಂದೂ ಆಗಲಿಲ್ಲ. ದಿನವೂ ತಪ್ಪದೆ ಸೋಂಕು ತಡೆಯುವ ಮಾತ್ರೆ ಕೊಡಬೇಕು, ಜ್ವರ ಬಂದ ದಿನವೇ ಆಸ್ಪತ್ರೆಗೆ ಬರಬೇಕು, ಹಾಗೆ ಮಾಡಿದರೆ ಮಗು ಉಳಿಯುವ ಆಸೆಯಿದೆ ಎಂದರು ಡಾಕ್ಟರು.

"ಈ ಪರೀಕ್ಷೆ ಎರಡು ವರ್ಷದ ಹಿಂದೆ ಇತ್ತಾ ಡಾಕ್ಟ್ರೇ?" ಎಂದು ಶಂಭು ಕೇಳಿದ.

"ಇತ್ತು."

ಈಗ ಮಾತ್ರೆ ಕೊಡುವವನು ಶಂಭುವೇ. ಮಗುವಿನ ಬಾಯಿ ತೆರೆಸಿ ನೋಡದೆ ಅವನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಿಲ್ಲ. ಪರಮೇಶ್ವರಿಗೆ ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಓದುವವರೇ, ನಿಮ್ಮ ಮಗುವಿಗೆ ಪದೇ ಪದೇ ಕುರು, ಕೀವು, ನ್ಯುಮೋನಿಯಾ ಬರುತ್ತಿದೆಯೇ? ಎಣಿಕೆ ಸರಿಯಿದೆ ಎಂದು ಸುಮ್ಮನಾಗಬೇಡಿ. ಕಣಗಳು ಕೆಲಸ ಮಾಡುತ್ತಿವೆಯೇ ಎಂದು ಡಾಕ್ಟರನ್ನು ಕೇಳಿ. ಮನೆಯಲ್ಲಿ ಹಿಂದೆ ಸೋಂಕಿನಿಂದ ಮಗು ತೀರಿಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಪರಮೇಶ್ವರಿಯ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಎರಡನೆಯ ಮಗುವಿಗೆ. ನೀವು ಮೊದಲನೆಯದಕ್ಕೇ ಕೇಳಿ.