ಕಬ್ಬಿಣದ ಪಟ್ಟಿ

ದತ್ತುನ ತಲಿ ಮ್ಯಾಲೆ ಬಿಳೇ ಹೆಲ್ಮೆಟ್ ಬಂದ ದಿನದಿಂದ ಮುರುಗೆಪ್ಪಗ ರೊಟ್ಟಿ ರುಚಿ ಹತ್ತವಲ್ದು. ಹದಿನಾರು ವರ್ಷ ಆತು, ಪುಣೆದಾಗ ವೈರ್ ಎಳದು ಎಳದು ಅಂಗೈ ಸೀಳ್ಯಾವ, ಮೊಣಕಾಲು ಗಂಟು ಕಟ್ಯಾವ. ಅವನ ತಲಿ ಮ್ಯಾಲೆ ಇನ್ನೂ ಅದೇ ಹಳದಿ ಹೆಲ್ಮೆಟ್. ಮೊನ್ನೆ ದೌಂಡದಿಂದ ಬಂದ ದತ್ತು ಸೂಪರ್‌ವೈಸರ್! ಹೊಟ್ಟಿ ಉರೀದ ಏನ್ ಮಾಡೀತು?

ಹಿಂಜೇವಾಡಿದಾಗ ಒಂದು ದೊಡ್ಡ ಆಫೀಸಿನ ಕೆಲಸ. ಇಟ್ಟಂಗಿ ಗ್ವಾಡಿ ಅಲ್ಲ. ಕಟ್ಟಿಗಿ ಕಂಬ ನಿಲ್ಲಿಸಿ ಎರಡೂ ಕಡೆ ಬೋರ್ಡ್ ಹೊಡಿಯೂದು. ಕಂಬಕ್ಕ ತೂತು ಕೊರದು ವೈರ್ ದಾಟಸ್ತಾರ. ತೂತು ಅಂಚಿಗೆ ಬಂತಂದ್ರ, ಹೊರಗಿಂದ ಹೊಡದ ಸ್ಕ್ರೂ ಸೀದಾ ವೈರಿಗೇ ಚುಚ್ಚತದ. ಅದಕ್ಕ ಅಲ್ಲೆ ಕಂಬದ ಮ್ಯಾಲೆ ಒಂದು ಕಬ್ಬಿಣದ ಪಟ್ಟಿ ಬಡೀಬೇಕು.

ಗುತ್ತಿಗೆದಾರ ಸ್ವಪ್ನಿಲ್ ಶೇಠ್ ಪಟ್ಟಿ ತರಸ್ತಿರಲಿಲ್ಲ. ಸೊಲ್ಲಾಪುರದಾಂವ, ಮನ್ಯಾಗ ಕನ್ನಡ ಮಾತಾಡಾಂವ. ಆದ್ರೇನು, ಪಟ್ಟಿಗೆ ರೊಕ್ಕ ಬಿಚ್ಚಾಂವಲ್ಲ. ಮುರುಗೆಪ್ಪ ಗುಜರಿ ತಗಡು ತಂದು ತಾನೇ ಪಟ್ಟಿ ಕತ್ತರಿಸ್ತಿದ್ದ. ಬಡದ ಮ್ಯಾಲೆ ಪ್ರತಿಯೊಂದಕ್ಕೂ ಜೇಜುರಿ ದೇವರ ಭಂಡಾರದ ಅರಿಷಿಣ ಒಂದು ಬೆರಳು ಹಚ್ಚತಿದ್ದ.

"ಗ್ವಾಡಿ ಪೂಜಾ ಮಾಡಾಕ ಬಂದೀಯೇನಲೇ?" ಅಂತಿದ್ದ ಶೇಠ್. "ದತ್ತುನ್ನ ನೋಡಿ ಕಲಿ. ದಿನಕ್ಕ ನಾಕು ಗ್ವಾಡಿ ಮುಚ್ತಾನ. ಒಳಗಿಂದು ಯಾರ್ ನೋಡ್ತಾರ?"

ಚಹಾದ ಖೋಲಿ ಗ್ವಾಡಿ ಮುಚ್ಚೋ ದಿನ ದತ್ತು ಬಂದು ಮರಾಠಿಯೊಳಗ ಕೇಳಿದ: "ದಾದಾ, ಶೇಠ್ ಕೊಡವಲ್ಲ. ನಿನ್ನ ಹತ್ರ ನಾಕು ಪಟ್ಟಿ ಇದ್ರ ಕೊಡು."

ಚೀಲದಾಗ ಮೂವತ್ತು ಪಟ್ಟಿ ಇದ್ವು. ಮುರುಗೆಪ್ಪ ಚೀಲ ತೊಡಿ ಕೆಳಗ ಎಳಕೊಂಡ.

"ಒಂದೂ ಇಲ್ಲಪಾ."

ಚುಚ್ಚಲಿ, ಒಂದು ಸ್ಕ್ರೂ ಚುಚ್ಚಲಿ, ಬಿಳೇ ಹೆಲ್ಮೆಟ್ ಹ್ಯಾಂಗ ಹಾರತದ ನೋಡೂಣು ಅಂತ ಒಳಗೊಳಗ ಕುದ್ದ.

ಚುಚ್ಚೇ ಬಿಡ್ತು. ಪಟ್ಟಿ ಇಲ್ಲದೇ ಮುಚ್ಚಿದ್ದ ಆ ಗ್ವಾಡಿಗೆ ಸ್ಟೀಲಿನ ರ್‍ಯಾಕ್ ಕೂಡಿಸಿದ್ರು, ಅದರ ಸ್ಕ್ರೂ ವೈರಿಗೆ ಹೋತು. ಕಸ ಹೊಡಿಯೋ ನಾಗವ್ವ ಹಸಿ ಅರಿವಿ ತಗೊಂಡು ರ್‍ಯಾಕ್ ಒರಸಾಕ ಹೋದಳು. "ಯಣ್ಣಾ" ಅಂದಳು, ಬಿದ್ದಳು. ಮುರುಗೆಪ್ಪಗ ದಿನಾ ಶೇಂಗಾ ಚಟ್ನಿ ಹಾಕ್ತಿದ್ದ ಬಲಗೈ ಸುಟ್ಟು ಕರ್ರಗಾಗಿತ್ತು. ಜೀವ ಉಳೀತು, ಎರಡು ಬೆರಳು ಹೋದ್ವು.

ಮರುದಿನ ಶೇಠ್ ಎಲ್ಲಾರ್ನೂ ಕೂಡಿಸಿದ. ದತ್ತುನ ಹೆಲ್ಮೆಟ್ ಕಸಗೊಂಡು ಮುರುಗೆಪ್ಪನ ತಲಿಗೆ ಇಟ್ಟ.

"ತಪ್ಪು ದತ್ತುಂದು. ನೀ ಹಳೇ ಮನಶ್ಯಾ. ಬಾಕಿ ಗ್ವಾಡಿಯೆಲ್ಲ ಬರೋಬರ್ ಅದಾವ ಅಂತ ಸಹಿ ಹಾಕು. ಇವತ್ತಿಂದ ನೀನೇ ಸೂಪರ್‌ವೈಸರ್."

ಖರೇ ಹೇಳಬೇಕಂದ್ರ, ಮುರುಗೆಪ್ಪ ಒಂದು ಕ್ಷಣ ಹಿಗ್ಗಿದ. ಆಮ್ಯಾಲೆ ದತ್ತುನ ಬರೇ ತಲಿ ಕಂಡಿತು. ಚೀಲದಾಗ ಪಟ್ಟಿ ಇದ್ದದ್ದು ಅವಗ ಗೊತ್ತೂ ಇರಲಿಲ್ಲ. ಥೂ, ಎಂಥಾ ಹೊಟ್ಟಿಕಿಚ್ಚೋ ನಂದು ಅಂತ ಮುರುಗೆಪ್ಪಗ ಮೈಯೆಲ್ಲ ಹೇಸಿಗಿ ಬಂತು.

ಹೆಲ್ಮೆಟ್ ತಗದು ನೆಲದ ಮ್ಯಾಲೆ ಇಟ್ಟ.

"ದತ್ತು ನನ್ನ ಪಟ್ಟಿ ಕೇಳಿದ್ದ. ಇದ್ರೂ ಇಲ್ಲಂದೆ. ನಾಗವ್ವನ ಕೈಯಾಗ ನನ್ನ ಪಾಪನೂ ಅದ. ಆದ್ರ ಶೇಠ್, ಅಂವ ಮೊದಲ ಕೇಳಿದ್ದು ನಿಮಗರೀ. ನೀವ್ಯಾಕ ಕೊಡಲಿಲ್ಲ?"

"ಸಹಿ ಹಾಕ್ತೀಯೋ, ಊರಿಗೆ ಹೋಗ್ತೀಯೋ?"

ಮುರುಗೆಪ್ಪ ಸುತ್ತಿಗಿ ತಗೊಂಡು, ದತ್ತು ಮುಚ್ಚಿದ್ದ ಸಾಹೇಬರ ಖೋಲಿ ಗ್ವಾಡಿಗೆ ಹೊಡದ. ಬೋರ್ಡ್ ಒಡದು ಬಿತ್ತು. ಅಂಚಿಗೇ ಹನ್ನೊಂದು ತೂತು, ಒಂದಕ್ಕೂ ಪಟ್ಟಿ ಇಲ್ಲ.

"ಏ, ನಿಲ್ಲಸಲೇ!" ಶೇಠ್ ಚೀರಿದ.

ಯಾರೂ ಅವನ ಕಡೆ ನೋಡಲಿಲ್ಲ. ಬೋರ್ಡ್ ಹೊಡಿಯೋರು, ಬಣ್ಣದವರು, ಕಸದ ಹೆಣ್ಮಕ್ಕಳು ಎಲ್ಲಾರೂ ಆ ತೂತುಗಳನ್ನ ನೋಡಾಕತ್ತಿದ್ರು. ಮುರುಗೆಪ್ಪ ಪಟ್ಟಿ ಚೀಲ ತಂದು ದತ್ತುನ ಕೈಯಾಗ ಕೊಟ್ಟ. ದತ್ತು ಚೀಲದೊಳಗ ನೋಡಿದ, ಮುರುಗೆಪ್ಪನ ಮಾರಿ ನೋಡಿದ. ಚೀಲ ಹೆಗಲಿಗೆ ಹಾಕ್ಕೊಂಡು, ಇನ್ನೊಂದು ಸುತ್ತಿಗಿ ಎತ್ತಿ ಮುಂದಿನ ಗ್ವಾಡಿಗೆ ನಡದ. ಹಿಂದ ಹಿಂದ ಎಲ್ಲಾರೂ ಹೊಂಟ್ರು.